ಕಾಲಿಯ ಜೋಡಿ, ಬೊಗೊಟಾದ ಎತ್ತರ: ಕೊಲಂಬಿಯಾ ಟೆನಿಸ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದಾಗ ಎದುರಿಗಿದ್ದದ್ದು ಕೊಲಂಬಿಯಾದ ಆಟಗಾರ ಎಂದು ಕೇಳಿದ್ದೇನೆ. ಆತ ಯಾರು? (ವಿರಾಜಪೇಟೆಯಿಂದ)

ಉತ್ತರ: ರಾಬರ್ಟ್ ಫಾರಾ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಅವರು ಜರ್ಮನಿಯ ಅನ್ನಾ-ಲೇನಾ ಗ್ರೋನೆಫೆಲ್ಡ್ ಜೊತೆ ಆಡಿದರು. ಬೋಪಣ್ಣ ಅವರ ಜೊತೆಗಾತಿ ಕೆನಡಾದ ಗ್ಯಾಬ್ರಿಯೆಲಾ ದಬ್ರೋಸ್ಕಿ. ಮೊದಲ ಸೆಟ್ 2–6ರಲ್ಲಿ ಹೋಯಿತು, ಎರಡನೆಯದು 6–2ರಲ್ಲಿ ಬಂತು. ಅಲ್ಲಿನ ಮಿಶ್ರ ಡಬಲ್ಸ್‌ನಲ್ಲಿ ಮೂರನೇ ಸೆಟ್‌ನ ಬದಲು 10 ಅಂಕಗಳ ಸೂಪರ್ ಟೈಬ್ರೇಕ್ ಇರುತ್ತದೆ. ಅದರಲ್ಲಿ ಎರಡು ಮ್ಯಾಚ್ ಪಾಯಿಂಟ್ (ಇನ್ನೊಂದೇ ಅಂಕ ಬಂದರೆ ಎದುರಾಳಿ ಗೆಲ್ಲುವ ಹಂತ) ಉಳಿಸಿಕೊಂಡು ಬೋಪಣ್ಣ ಜೋಡಿ 12–10ರಿಂದ ಗೆದ್ದಿತು. ಎರಡು ಅಂಕಗಳ ಅಂತರ ಕಡ್ಡಾಯವಾದ್ದರಿಂದಲೇ ಆಟ ಹತ್ತಕ್ಕೆ ನಿಲ್ಲಲಿಲ್ಲ.

ಅದೇ ವರ್ಷ ಜನವರಿಯಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಆಸ್ಟ್ರೇಲಿಯಾ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಫಾರಾ ಅವರ ಖಾಯಂ ಜೊತೆಗಾರ ಹ್ವಾನ್ ಸೆಬಾಸ್ಟಿಯನ್ ಕಬಾಲ್ ಮತ್ತು ಅಮೆರಿಕದ ಅಬಿಗೇಲ್ ಸ್ಪಿಯರ್ಸ್ ಸೇರಿ ಸಾನಿಯಾ ಮಿರ್ಜಾ–ಇವಾನ್ ಡೊಡಿಗ್ ಜೋಡಿಯನ್ನು 6–2, 6–4ರಿಂದ ಸೋಲಿಸಿದ್ದರು.

ಪ್ರಶ್ನೆ: ಕಬಾಲ್–ಫಾರಾ ನಿಜಕ್ಕೂ ಅಷ್ಟು ದೊಡ್ಡವರೇ? ಸಿಂಗಲ್ಸ್‌ನಲ್ಲಿ ಅವರ ಹೆಸರೇ ಕೇಳಿಲ್ಲ. (ದಾವಣಗೆರೆಯಿಂದ)

ಉತ್ತರ: ಸಿಂಗಲ್ಸ್‌ನಲ್ಲಿ ಕೇಳಿರಲಾರಿರಿ, ಇಬ್ಬರೂ ಅಲ್ಲಿ ಮೊದಲ ನೂರರೊಳಗೆ ಬಂದವರಲ್ಲ. ಡಬಲ್ಸ್‌ನಲ್ಲಿ ಮಾತ್ರ 2019 ಪೂರ್ತಿ ಅವರದೇ. ಬಾರ್ಸಿಲೋನಾ, ರೋಮ್, ವಿಂಬಲ್ಡನ್, ಅಮೆರಿಕ ಓಪನ್ ಗೆದ್ದರು. ಜುಲೈನಲ್ಲಿ ವಿಶ್ವದ ನಂ. 1 ಆಗಿ ವರ್ಷವನ್ನೂ ಅದೇ ಸ್ಥಾನದಲ್ಲಿ ಮುಗಿಸಿದರು.

ಇಬ್ಬರೂ ಕಾಲಿ ನಗರದಲ್ಲಿ ಬೆಳೆದವರು, ಚಿಕ್ಕಂದಿನ ಗೆಳೆಯರು. ಫಾರಾ ಹುಟ್ಟಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಮನೆತನ ಲೆಬನಾನಿನದು, ತಂದೆ ಟೆನಿಸ್ ಕೋಚ್. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಕಾಲೇಜು ಟೆನಿಸ್ ಆಡಿದರು. ಡಬಲ್ಸ್‌ನಲ್ಲಿ ಜೋಡಿಗಳು ಒಂದು ಸೀಸನ್ ಆಡಿ ಬೇರೆಯಾಗುವುದು ಮಾಮೂಲು. ಇವರು ಹಾಗಲ್ಲ, ವರ್ಷಗಟ್ಟಲೆ ಜೊತೆಗೇ ಆಡಿದರು. 2018ರ ಆಸ್ಟ್ರೇಲಿಯಾ ಓಪನ್ ಫೈನಲ್‌ನಲ್ಲಿ ಮಾರಾಕ್–ಪಾವಿಚ್ ಎದುರು ನೇರ ಸೆಟ್‌ಗಳಲ್ಲಿ ಸೋತಾಗಲೂ ಜೋಡಿ ಮುರಿಯಲಿಲ್ಲ. ಸರ್ವ್ ಮಾಡುವವನು ಎಲ್ಲಿಗೆ ಹೊಡೆಯುತ್ತಾನೆ ಎಂದು ನೆಟ್ ಬಳಿ ನಿಂತವನಿಗೆ ಹೇಳದೆಯೇ ಗೊತ್ತಾಗಬೇಕಾದ ಆಟ ಇದು, ಆ ಹೊಂದಾಣಿಕೆ ಒಂದು ಸೀಸನ್‌ನಲ್ಲಿ ಬರುವುದಿಲ್ಲ.

ವಿಂಬಲ್ಡನ್ ಫೈನಲ್‌ನ ಅಂಕಪಟ್ಟಿ ನೋಡಿ: 6–7, 7–6, 7–6, 6–7, 6–3. ಫ್ರಾನ್ಸ್‌ನ ಮಹು–ರೋಜೆ ವಾಸೆಲಾಂ ಎದುರು ಮೊದಲ ನಾಲ್ಕೂ ಸೆಟ್ ಟೈಬ್ರೇಕ್ (6–6 ಆದಾಗ ಸೆಟ್ ತೀರ್ಮಾನಿಸುವ ಆಟ), ಒಟ್ಟು 4 ಗಂಟೆ 57 ನಿಮಿಷ. ಆ ನಾಲ್ಕು ಟೈಬ್ರೇಕ್‌ಗಳೂ ಎರಡೇ ಅಂಕಗಳ ಅಂತರದಲ್ಲಿ ಮುಗಿದವು. ಇಂಥ ಪಂದ್ಯ ವಿಂಬಲ್ಡನ್‌ನಲ್ಲಿ ಇನ್ನು ಕಾಣಸಿಗದು, 2023ರಿಂದ ಅಲ್ಲಿ ಪುರುಷರ ಡಬಲ್ಸನ್ನು ಮೂರು ಸೆಟ್‌ಗೆ ಇಳಿಸಿದ್ದಾರೆ. ಅಮೆರಿಕ ಓಪನ್ ಫೈನಲ್ ಅದಕ್ಕೆ ಹೋಲಿಸಿದರೆ ಸಲೀಸು: ಗ್ರನೊಯೆರ್ಸ್–ಸೆಬಾಯೊಸ್ ವಿರುದ್ಧ 6–4, 7–5.

ಪ್ರಶ್ನೆ: ಫಾರಾ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದರಲ್ಲವೇ? (ಬೆಂಗಳೂರಿನಿಂದ)

ಉತ್ತರ: 2019ರ ಅಕ್ಟೋಬರ್‌ನಲ್ಲಿ ಕೊಟ್ಟ ಮಾದರಿಯಲ್ಲಿ ಬೋಲ್ಡೆನೋನ್ ಪತ್ತೆಯಾಯಿತು. ಇದು ದನಗಳ ಮೈ ತುಂಬಿಸಲು ಬಳಸುವ ಸ್ಟೆರಾಯ್ಡ್. ಮಾಂಸದ ಮೂಲಕ ದೇಹ ಸೇರಿದೆ ಎಂಬ ವಿವರಣೆಯನ್ನು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಒಪ್ಪಿ, 2020ರ ಫೆಬ್ರುವರಿಯಲ್ಲಿ ಅವರದೇನೂ ತಪ್ಪಿಲ್ಲ ಎಂದಿತು. ಅಷ್ಟರಲ್ಲಿ ಆ ವರ್ಷದ ಆಸ್ಟ್ರೇಲಿಯಾ ಓಪನ್ ಕೈತಪ್ಪಿತ್ತು. ಆದ್ದರಿಂದ "ಸಿಕ್ಕಿಬಿದ್ದರು" ಎನ್ನುವುದು ಅವರಿಗೆ ಅನ್ಯಾಯ.

ಪ್ರಶ್ನೆ: ಬೊಗೊಟಾದಲ್ಲಿ ಆಡುವುದು ಕಷ್ಟ ಎನ್ನುತ್ತಾರೆ. ಎತ್ತರದ ಊರಿನಲ್ಲಿ ಚೆಂಡಿಗೆ ಏನಾಗುತ್ತದೆ? ನಮ್ಮ ಬೆಂಗಳೂರೂ ಎತ್ತರದಲ್ಲೇ ಇದೆಯಲ್ಲ, ನಾವೂ ಬೇರೆ ಚೆಂಡು ತರಬೇಕೇ? (ಮಕ್ಕಳಿಗೆ ಟೆನಿಸ್ ಕಲಿಸುವವರೊಬ್ಬರು, ಬೆಂಗಳೂರು)

ಉತ್ತರ: ಬೊಗೊಟಾ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು. ಇದರಿಂದ ಮೂರು ಬದಲಾವಣೆ ಒಟ್ಟಿಗೇ ಆಗುತ್ತವೆ. ಗಾಳಿ ತಡೆಯುವುದು ಕಡಿಮೆ, ಹಾಗಾಗಿ ಚೆಂಡು ವೇಗ ಕಳೆದುಕೊಳ್ಳದೆ ದೂರ ಹೋಗುತ್ತದೆ. ಟಾಪ್‌ಸ್ಪಿನ್ ಹಾಕಿದ, ಅಂದರೆ ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆದ ಚೆಂಡನ್ನು ಕೆಳಕ್ಕೆ ಎಳೆಯುವುದೂ ಗಾಳಿಯೇ, ಆ ಎಳೆತವೂ ಕುಗ್ಗುತ್ತದೆ. ಬೇರೆಡೆ ಬೇಸ್‌ಲೈನ್ ಒಳಗೆ ಇಳಿಯುತ್ತಿದ್ದ ಹೊಡೆತ ಇಲ್ಲಿ ಹೊರಗೆ ಬೀಳುವುದಕ್ಕೆ ಮುಖ್ಯ ಕಾರಣ ಇದು. ಕೊನೆಯದು ಚೆಂಡಿನೊಳಗಿನ ಒತ್ತಡ. ಹೊರಗಿನ ಒತ್ತಡ ಇಳಿದಾಗ ಒಳಗಿನದು ಮೇಲುಗೈ ಸಾಧಿಸಿ ಚೆಂಡು ಗಟ್ಟಿಯಾಗುತ್ತದೆ, ಹೆಚ್ಚು ಪುಟಿಯುತ್ತದೆ.

ಅದಕ್ಕೇ ನಿಯಮಪುಸ್ತಕದಲ್ಲಿ 1,219 ಮೀಟರ್ (4,000 ಅಡಿ) ಎಂಬ ಗೆರೆ ಇದೆ. ಸಾಮಾನ್ಯ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು. ಆ ಗೆರೆಯ ಮೇಲಿನ ಊರುಗಳಲ್ಲಿ ಕಡಿಮೆ ಪುಟಿಯುವ, ಅಂದರೆ 122ರಿಂದ 135 ಸೆಂ.ಮೀ.ನ ಚೆಂಡು ಬಳಸಬಹುದು. ಇಲ್ಲವೇ ಒಳಗೂ ಹೊರಗೂ ಒತ್ತಡ ಸಮನಾಗಿರುವ ಚೆಂಡನ್ನು ಆ ಎತ್ತರದಲ್ಲೇ 60 ದಿನ ಅಥವಾ ಹೆಚ್ಚು ಇಟ್ಟು ಹದಕ್ಕೆ ತಂದು ಆಡಬಹುದು.

ಬೆಂಗಳೂರು ಸುಮಾರು 920 ಮೀಟರ್, ಆದ್ದರಿಂದ ಸಾಮಾನ್ಯ ಚೆಂಡೇ ಸರಿ. ಮಡಿಕೇರಿ ಕೂಡ ಗೆರೆಯ ತುಸು ಕೆಳಗೇ ನಿಲ್ಲುತ್ತದೆ. ಶಿಬಿರಕ್ಕೆ ಮಕ್ಕಳನ್ನು ಊಟಿಗೆ ಕರೆದೊಯ್ದರೆ ಮಾತು ಬೇರೆ, ಅದು 2,200 ಮೀಟರ್ ದಾಟಿದ ಊರು. ಅಲ್ಲಿ ಮೊದಲ ದಿನ ಎಲ್ಲ ಚೆಂಡೂ ಉದ್ದ ಹೋದರೆ ಮಕ್ಕಳ ಕೈಹಿಡಿತ ತಿದ್ದಲು ಹೋಗಬೇಡಿ. ರಾಕೆಟ್ ತಂತಿಯ ಬಿಗಿತವನ್ನು 1ರಿಂದ 2 ಕಿಲೊ ಹೆಚ್ಚಿಸಿ ನೋಡಿ, ಬಿಗಿದ ತಂತಿ ಚೆಂಡನ್ನು ಕಡಿಮೆ ಚಿಮ್ಮಿಸುತ್ತದೆ. ಗುರಿಯನ್ನು ಬೇಸ್‌ಲೈನ್‌ನಿಂದ ಒಂದೆರಡು ಹೆಜ್ಜೆ ಒಳಕ್ಕೆ ತನ್ನಿ. ಸರ್ವ್ ಎದುರಿಸುವಾಗ ರಾಕೆಟ್ಟನ್ನು ಹಿಂದಕ್ಕೆ ಪೂರ್ತಿ ಎಳೆಯದೆ ಚಿಕ್ಕದಾಗಿ ಬೀಸಲು ಹೇಳಿ.

ಎತ್ತರ ಯಾರಿಗೆ ಅನುಕೂಲ ಎಂಬುದಕ್ಕೆ ಬೊಗೊಟಾದ ಹಾರ್ಡ್ ಕೋರ್ಟ್ (ಗಟ್ಟಿ ನೆಲದ ಅಂಕಣ) ಎಟಿಪಿ, ಅಂದರೆ ಪುರುಷರ ವೃತ್ತಿಪರ ಟೂರ್ನಿಯ ಪಟ್ಟಿಯೇ ಸಾಕು. 2013ರಿಂದ 2015ರವರೆಗೆ ಮೂರೇ ವರ್ಷ ನಡೆದ ಅದನ್ನು ಮೊದಲು ಗೆದ್ದದ್ದು 211 ಸೆಂ.ಮೀ. ಎತ್ತರದ ಸರ್ವ್‌ವೀರ ಇವೊ ಕಾರ್ಲೊವಿಚ್, ಆಮೇಲೆ ಎರಡು ಸಲ ಬರ್ನಾರ್ಡ್ ಟೊಮಿಕ್. ಕಾರ್ಲೊವಿಚ್ ಎದುರು ಫೈನಲ್ ಸೋತವರು ಕಾಲಿಯವರೇ ಆದ ಅಲೆಹಾಂದ್ರೊ ಫಾಯಾ. ತವರಿನ ಎತ್ತರ ತವರಿನವರಿಗೇ ಒದಗಬೇಕೆಂದಿಲ್ಲ. ಕಾಲಿ ಇರುವುದು ಸುಮಾರು ಸಾವಿರ ಮೀಟರ್‌ನಲ್ಲಿ, ಅಲ್ಲಿನ ಹುಡುಗರಿಗೂ ಬೊಗೊಟಾ ಬೆಟ್ಟದ ಮೇಲಿನ ಊರೇ. ಅಂದಹಾಗೆ 2013ರ ಅದೇ ಟೂರ್ನಿಯ ಡಬಲ್ಸ್ ಗೆದ್ದವರು ನಮ್ಮ ಪುರವ್ ರಾಜಾ–ದಿವಿಜ್ ಶರಣ್.

ಪ್ರಶ್ನೆ: ವಿಂಬಲ್ಡನ್‌ನಲ್ಲಿ ಫೆಡರರ್‌ಗೆ ಮೊದಲ ಸುತ್ತಿನಲ್ಲೇ ಬೆವರಿಳಿಸಿದ ಕೊಲಂಬಿಯಾದವರು ಯಾರು? (ಹುಬ್ಬಳ್ಳಿಯಿಂದ)

ಉತ್ತರ: ಮೇಲೆ ಹೇಳಿದ ಫಾಯಾ ಅವರೇ. ಎಡಗೈ ಆಟಗಾರ, 2010ರ ಪಂದ್ಯ. ಹಾಲಿ ಚಾಂಪಿಯನ್ ಫೆಡರರ್ ಎದುರು 7–5, 6–4ರಿಂದ ಎರಡು ಸೆಟ್ ಮುಂದಿದ್ದರು. ಮೂರನೇ ಸೆಟ್‌ನಲ್ಲಿ 4–4 ಆಗಿದ್ದಾಗ ಫೆಡರರ್ ಸರ್ವ್‌ನಲ್ಲಿ 0–40, ಅಂದರೆ ಆ ಸರ್ವ್ ಗೇಮ್ ಕಸಿಯಲು (ಬ್ರೇಕ್) ಮೂರು ಅವಕಾಶ. ಅಲ್ಲಿ ಬ್ರೇಕ್ ಸಿಗಲಿಲ್ಲ, ಸೆಟ್ ಕೈಬಿಟ್ಟಿತು. ನಾಲ್ಕನೆಯದರಲ್ಲಿ 5–4ರಲ್ಲಿ ಪಂದ್ಯ ಮುಗಿಸಲು ಸರ್ವ್ ಮಾಡಿದರು, ಅದೂ ಉಳಿಯಲಿಲ್ಲ. ಟೈಬ್ರೇಕ್ 7–1, ಕೊನೆಯ ಸೆಟ್ 6–0, ಎರಡೂ ಫೆಡರರ್ ಪಾಲಿಗೆ. ಈ ಸೋಲನ್ನು ಬರಿಯ ಅಂಜಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ಮುನ್ನ ಕೆಲವೇ ವಾರಗಳಲ್ಲಿ ಪ್ಯಾರಿಸ್ ಮತ್ತು ಜರ್ಮನಿಯ ಹಾಲೆಯಲ್ಲಿ ಫೆಡರರ್‌ಗೆ ಸೋತಿದ್ದ ಫಾಯಾ ಎದುರಾಳಿಯ ಲೆಕ್ಕ ಚೆನ್ನಾಗಿ ಹಾಕಿಕೊಂಡು ಬಂದಿದ್ದರು. 2014ರಲ್ಲಿ ಹಾಲೆಯ ಹುಲ್ಲಿನಂಕಣದಲ್ಲೇ ಫೈನಲ್‌ಗೆ ಬಂದಾಗ ಎದುರಿಗೆ ಮತ್ತೆ ಫೆಡರರ್! 7–6, 7–6ರಿಂದ ಸೋತರು.

ರ‍್ಯಾಂಕಿಂಗ್ ಲೆಕ್ಕದಲ್ಲಿ ಕೊಲಂಬಿಯಾದ ಪುರುಷರಲ್ಲಿ ಮೇಲೇರಿದ್ದು ಪೆರೇರಾ ಊರಿನ ಸಾಂತಿಯಾಗೊ ಹಿರಾಲ್ಡೊ, 2014ರಲ್ಲಿ 28ನೇ ಸ್ಥಾನ. ಆ ವರ್ಷ ಬಾರ್ಸಿಲೋನಾ ಫೈನಲ್ ತಲುಪಿ ನಿಶಿಕೊರಿಗೆ ಸೋತರು, ಮ್ಯಾಡ್ರಿಡ್‌ನಲ್ಲಿ ಆ್ಯಂಡಿ ಮರ‍್ರೆಯನ್ನು ಮಣಿಸಿದರು. ಡೇನಿಯಲ್ ಎಲಾಹಿ ಗಲಾನ್ ಹೆಸರು ಕೇಳಿದವರಿಗೆ 2022ರ ಅಮೆರಿಕ ಓಪನ್ ನೆನಪಿರಬೇಕು: ಸಿಟ್ಸಿಪಾಸ್ ಎದುರು ಮೊದಲ 11 ಗೇಮ್‌ಗಳನ್ನೂ ಒಬ್ಬರೇ ಬಾಚಿಕೊಂಡರು.

ಪ್ರಶ್ನೆ: ಮಹಿಳೆಯರಲ್ಲಿ ಕಮಿಲಾ ಒಸೋರಿಯೊ ಬಿಟ್ಟರೆ ಬೇರೆ ಯಾರಿದ್ದಾರೆ? ಅವರು ಬೊಗೊಟಾದಲ್ಲಿ ಮಾತ್ರ ಏಕೆ ಗೆಲ್ಲುತ್ತಾರೆ? (ಮೈಸೂರಿನಿಂದ)

ಉತ್ತರ: ಮೊದಲು ಫಾಬಿಯೋಲಾ ಸುಲುವಾಗಾ ಹೆಸರು ಬರಬೇಕು. ಒಸೋರಿಯೊ ಊರಾದ ಕೂಕೂಟಾದವರೇ. 2004ರ ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್ ಆಡಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಮೊರೆಸ್ಮೊ ಗಾಯದಿಂದ ಹಿಂದೆ ಸರಿದದ್ದು ಅದೃಷ್ಟವೇ ಇರಬಹುದು, ಆದರೆ 2005ರ ಆರಂಭದಲ್ಲಿ 16ನೇ ರ‍್ಯಾಂಕ್ ತಲುಪಿದ್ದು ಅದೃಷ್ಟವಲ್ಲ. ಬೊಗೊಟಾದ ಆವೆಮಣ್ಣಿನ ಟೂರ್ನಿಯನ್ನು ನಾಲ್ಕು ಸಲ ಗೆದ್ದರು. ಮರಿಯಾನಾ ಡೂಕೆ ಮರಿನ್ಯೊ 2010ರಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಆ್ಯಂಜೆಲಿಕ್ ಕೆರ್ಬರ್ ಅವರನ್ನು ಸೋಲಿಸಿದರು.

ಒಸೋರಿಯೊ 2019ರ ಅಮೆರಿಕ ಓಪನ್ ಬಾಲಕಿಯರ ಚಾಂಪಿಯನ್. ಬೊಗೊಟಾವನ್ನು 2021, 2024, 2025ರಲ್ಲಿ ಗೆದ್ದರು. "ಅಲ್ಲಿ ಮಾತ್ರ" ಎನ್ನುವುದು ಅರ್ಧ ಸತ್ಯ. 2022ರಲ್ಲಿ ಮೆಕ್ಸಿಕೊದ ಮಾಂಟೆರ‍್ರೇ ಫೈನಲ್‌ನಲ್ಲಿ ಲೇಲಾ ಫರ್ನಾಂಡಿಸ್ ಎದುರು ಐದು ಮ್ಯಾಚ್ ಪಾಯಿಂಟ್ ಕಳೆದುಕೊಂಡು ಮೂರನೇ ಸೆಟ್ ಟೈಬ್ರೇಕ್‌ನಲ್ಲಿ ಸೋತರು. ಅದರಲ್ಲಿ ಒಂದು ಅಂಕ ಸಿಕ್ಕಿದ್ದರೂ ನಿಮ್ಮ ಪ್ರಶ್ನೆ ಬರುತ್ತಿರಲಿಲ್ಲ.

ತವರಿನ ಗೆಲುವಿನ ತೊಡಕು ರ‍್ಯಾಂಕಿಂಗ್‌ನಲ್ಲಿದೆ. ಈ ದರ್ಜೆಯ ಟೂರ್ನಿ ಗೆದ್ದರೆ 250 ಅಂಕ, ಗ್ರ್ಯಾಂಡ್‌ಸ್ಲಾಮ್ ಮೂರನೇ ಸುತ್ತಿನಲ್ಲಿ ಸೋತರೆ 130. ಒಂದು ವಾರದ ಬೊಗೊಟಾ ಹೆಚ್ಚುಕಡಿಮೆ ಎರಡು ಗ್ರ್ಯಾಂಡ್‌ಸ್ಲಾಮ್ ಮೂರನೇ ಸುತ್ತುಗಳಿಗೆ ಸಮ. ಆದರೆ ಅಂಕಗಳ ಆಯುಷ್ಯ 52 ವಾರ. ಮರುವರ್ಷ ಬೇಗ ಸೋತರೆ ಅಷ್ಟೂ ಅಂಕ ಒಮ್ಮೆಲೇ ಉದುರುತ್ತವೆ. 2022ರ ಏಪ್ರಿಲ್‌ನಲ್ಲಿ 33ಕ್ಕೇರಿದ್ದ ಒಸೋರಿಯೊ ಆ ವರ್ಷವೂ ಮುಂದಿನ ವರ್ಷವೂ ಬೊಗೊಟಾ ಗೆಲ್ಲಲಿಲ್ಲ. ಎರಡೂ ಬಾರಿ ಗೆದ್ದದ್ದು ಜರ್ಮನಿಯ ತತ್ಯಾನಾ ಮರಿಯಾ. ಆಕೆಯ ಸ್ಲೈಸ್ (ಹಿಮ್ಮುಖವಾಗಿ ತಿರುಗುವಂತೆ ಕೊಯ್ದು ಹೊಡೆದ ಚೆಂಡು) ಅಲ್ಲಿನ ತೆಳುಗಾಳಿಯಲ್ಲೂ ತಗ್ಗಾಗಿಯೇ ಉಳಿಯುತ್ತದೆ, ಎತ್ತರ ಪುಟಿಯುವ ಚೆಂಡಿಗೆ ಸಿದ್ಧರಾಗಿ ಬಂದವರು ಮಂಡಿ ಬಗ್ಗಿಸಿ ಆಡಬೇಕಾಗುತ್ತದೆ.

ಪ್ರಶ್ನೆ: ಕೊಲಂಬಿಯಾಕ್ಕೆ ಮೊದಲ ಗ್ರ್ಯಾಂಡ್‌ಸ್ಲಾಮ್ ತಂದವರು ಕಬಾಲ್ ಅಲ್ಲವೇ? (ತುಮಕೂರಿನಿಂದ)

ಉತ್ತರ: ಅಲ್ಲ. ಇವಾನ್ ಮೊಲಿನಾ, 1974ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. ಜೊತೆಗಾತಿ ಆಗಿನ್ನೂ ಹದಿನೇಳರ ಹುಡುಗಿ ಮಾರ್ಟಿನಾ ನವ್ರಾಟಿಲೋವಾ. ಆಕೆಗೂ ಅದೇ ಮೊದಲನೆಯದು.