ಜರ್ಬಿಲ್‌ಗೆ ತಂತಿ ಪಂಜರ ಬೇಡ

ಎರಡು ಜರ್ಬಿಲ್‌ಗಳಿಗೆ (ಮನೇಲಿ ಸಾಕುವ, ಇಲಿಯಂಥ ಪುಟ್ಟ ಪ್ರಾಣಿ) ಹ್ಯಾಮ್‌ಸ್ಟರ್‌ (ಇಂಥದ್ದೇ ಇನ್ನೊಂದು ಸಾಕುಪ್ರಾಣಿ) ಇದ್ದ ಹಳೇ ತಂತಿ ಪಂಜರ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಜರ್ಬಿಲ್‌ಗಳು ಮಂಗೋಲಿಯಾದ ಒಣ ಬಯಲಲ್ಲಿ ಬಿಲ ತೋಡಿ ಬದುಕುವ ಜೀವಿಗಳು. ತೋಡೋಕೆ ಜಾಗ ಸಿಗದಿದ್ದರೆ ದಿನವಿಡೀ ಮೂಲೆ ಕೆರೆಯುತ್ತವೆ, ಸರಳು ಕಡಿದು ಮೂತಿ ಗಾಯ ಮಾಡಿಕೊಳ್ಳುತ್ತವೆ, ಪಾಪ.

ಮೀನು ಸಾಕುವ ಗಾಜಿನ ಟ್ಯಾಂಕ್ ತಗೊಳ್ಳಿ, 100 ಸೆಂ.ಮೀ. ಉದ್ದ ಇದ್ದರೆ ಒಳ್ಳೆಯದು. ಚೆನ್ನಾಗಿ ನೆಗೆಯುತ್ತವೆ, ಹಾಗಾಗಿ ಗಟ್ಟಿ ಜಾಲರಿ ಮುಚ್ಚಳ ಬೇಕೇ ಬೇಕು. ಕಾಗದದ ಚೂರಿಗೆ ಒಣಹುಲ್ಲು ಬೆರೆಸಿ 25–30 ಸೆಂ.ಮೀ. ಆಳ ಒತ್ತಿ ತುಂಬಿ; ಹುಲ್ಲಿನ ಹಿಡಿತ ಇದ್ದರೆ ಸುರಂಗ ಸುಲಭಕ್ಕೆ ಕುಸಿಯಲ್ಲ. ಭಾರದ ಕಲ್ಲು, ಮಡಕೆಗಳನ್ನು ಹುಲ್ಲಿನ ಮೇಲಿಡಬೇಡಿ, ಕೆಳಗೆ ತೋಡಿದಾಗ ಮೈಮೇಲೆ ಬೀಳುತ್ತವೆ. ಓಡೋಕೆ ಇಡುವ ಚಕ್ರ ಸಂದಿಲ್ಲದ್ದೇ ಇರಲಿ, ಸಂದಿದ್ದರೆ ಬಾಲ ಸಿಕ್ಕಿಕೊಳ್ಳುತ್ತೆ. ಹೊರಳಾಡೋಕೆ ಒಂದು ತಟ್ಟೆ ಮರಳು. ಟ್ಯಾಂಕ್‌ಗೆ ನೇರ ಬಿಸಿಲು ಮಾತ್ರ ತಾಗಿಸಬೇಡಿ, ಗಾಜು ಬೇಗ ಕಾಯುತ್ತೆ.