ಹಳೆಯ ಕಾರಿಗೆ ಹಿಂಬದಿ ಕ್ಯಾಮೆರಾ: ಯಾವುದನ್ನು ಕೊಳ್ಳಬೇಕು, ಹೇಗೆ ಕೂಡಿಸಬೇಕು?

ತಾವು ಯಾದಗಿರಿಯಿಂದ ಕೇಳಿದ್ದೀರಿ: 2017ರ ಹ್ಯಾಚ್‌ಬ್ಯಾಕ್ ಇದೆ, ಪರದೆ ಇರುವ ಸ್ಟೀರಿಯೊ ಮೊದಲೇ ಇದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಯಾವ ಕ್ಯಾಮೆರಾ ತರಬೇಕು, ಅದನ್ನು ಸ್ವತಃ ಕೂಡಿಸಬಹುದೇ ಎಂದು. ನಾನು ಕಲಬುರಗಿಯವನು, ನನ್ನ ಕಾರಿಗೆ ಒಮ್ಮೆ ಅಂಗಡಿಯಲ್ಲಿ ಹಾಕಿಸಿ, ಅದು ಕೆಟ್ಟ ಮೇಲೆ ಎರಡನೆಯ ಸಲ ಕೈಯಾರೆ ಕೂಡಿಸಿದ್ದೇನೆ. ಕ್ಯಾಮೆರಾದ ಬೆಲೆಗಿಂತ ತಂತಿಯ ಜೋಡಣೆಯ ಕಡೆ ಹೆಚ್ಚು ಗಮನ ಕೊಡಿ ಎಂಬುದೇ ನನ್ನ ಉತ್ತರ. ಹಿಂದೆ ಏನಾದರೂ ಅಡ್ಡ ಇದ್ದರೆ ಸದ್ದು ಮಾಡಿ ಎಚ್ಚರಿಸುವ ರಿವರ್ಸ್ ಸೆನ್ಸರ್ ನಮ್ಮಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ತಮ್ಮ ಕಾರು ಅದಕ್ಕಿಂತ ಹಳೆಯದಾದ್ದರಿಂದ ಸೆನ್ಸರ್ ಇಲ್ಲದಿದ್ದರೆ ಹಿಂದಿನ ನೆಲವನ್ನು ತೋರಿಸುವ ಪೂರ್ತಿ ಹೊಣೆ ಈ ಕ್ಯಾಮೆರಾದ ಮೇಲೆಯೇ ಬೀಳುತ್ತದೆ.

ಕೊಳ್ಳುವ ಮೊದಲು ಸ್ಟೀರಿಯೊ ಎಂಥ ಸಂಕೇತವನ್ನು ತೆಗೆದುಕೊಳ್ಳುತ್ತದೆ ಎಂದು ನೋಡಿಕೊಳ್ಳಿ. ಹಳೆಯ ಸ್ಟೀರಿಯೊಗಳು ಸಿವಿಬಿಎಸ್ ಎಂಬ ಸಾದಾ ವಿಡಿಯೊವನ್ನು ಮಾತ್ರ ಓದುತ್ತವೆ. ಅವುಗಳಿಗೆ ಎಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟ ಚಿತ್ರ ಕಳಿಸುವ ಕ್ಯಾಮೆರಾ ಜೋಡಿಸಿದರೆ ಚಿತ್ರವೇ ಬರುವುದಿಲ್ಲ, ಅಥವಾ ಹರಿದು ಓಡುತ್ತದೆ. ಎರಡಕ್ಕೂ ಬದಲಾಯಿಸಿಕೊಳ್ಳಬಹುದಾದ ಕ್ಯಾಮೆರಾ ಸಿಕ್ಕರೆ ಒಳ್ಳೆಯದು. ನೋಟದ ಕೋನ 130ರಿಂದ 150 ಡಿಗ್ರಿ ಸಾಕು; 170 ಡಿಗ್ರಿಯದರಲ್ಲಿ ಅಂಚುಗಳು ಬಾಗಿ, ಹತ್ತಿರದ ವಸ್ತು ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ನೀರು ಮತ್ತು ಧೂಳನ್ನು ತಡೆಯುವ ಐಪಿ67 ಅಥವಾ ಅದಕ್ಕೂ ಮೇಲಿನ ದರ್ಜೆ ಇರಲಿ.

ಈಗ ಜೋಡಣೆಯ ಮಾತು. ಮೊದಲ ಸಲ ಅಂಗಡಿಯವರು ರಿವರ್ಸ್ ಲೈಟಿನ ತಂತಿಯನ್ನು ಸುಲಿದು, ಕ್ಯಾಮೆರಾದ ತಂತಿಯನ್ನು ಅದಕ್ಕೆ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿದ್ದರು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ತಮಗೂ ಗೊತ್ತೇ ಇದೆ. ಬಿಸಿಲಿನಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಟೇಪಿನ ಅಂಟು ಕರಗಿ ಹರಿದು, ಜೋಡಣೆ ಸಡಿಲವಾಯಿತು. ಒಂದು ಸಂಜೆ ಓಣಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಪರದೆ ಇದ್ದಕ್ಕಿದ್ದಂತೆ ನೀಲಿಯಾಯಿತು. ನಿಲ್ಲಿಸಿ ಇಳಿದು ನೋಡಿದರೆ ಬಂಪರಿನಿಂದ ಎರಡು ಗೇಣು ದೂರದಲ್ಲಿ ಪಕ್ಕದ ಮನೆಯ ಹುಡುಗಿಯ ಮೂರು ಗಾಲಿಯ ಸೈಕಲ್ಲು ನಿಂತಿತ್ತು. ಹುಡುಗಿ ಅದರ ಮೇಲೆ ಇರಲಿಲ್ಲ, ಅಷ್ಟೇ. ಮರುದಿನವೇ ಎಲ್ಲವನ್ನೂ ಬಿಚ್ಚಿದೆ.

ಕ್ಯಾಮೆರಾಕ್ಕೆ ಬೇಕಾದ 12 ವೋಲ್ಟ್ ರಿವರ್ಸ್ ಲೈಟಿನಿಂದಲೇ ಬರಬೇಕು, ಆಗ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಅದು ಚಾಲೂ ಆಗುತ್ತದೆ. ಜೋಡಣೆಗೆ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಹಿಡಿದುಕೊಳ್ಳುವ ಸ್ಲೀವ್ ತೊಡಿಸಿ, ನಡುವೆ 1 ಆಂಪಿಯರ್ ಫ್ಯೂಸ್ ಇಡಿ. ಕ್ಯಾಮೆರಾದ ಕಪ್ಪು ತಂತಿಯನ್ನು, ಅಂದರೆ ಅರ್ತ್ ತಂತಿಯನ್ನು, ಬಣ್ಣ ಕೆರೆದ ಬಾಡಿಯ ಬೋಲ್ಟಿಗೆ ಬಿಗಿಯಿರಿ. ಹಳದಿ ಕೊಂಡಿಯ ವಿಡಿಯೊ ತಂತಿಯ ಜೊತೆ ಒಂದು ತೆಳುವಾದ ಕೆಂಪು ತಂತಿ ಬರುತ್ತದೆ; ಹಲವರು ಅದು ಏತಕ್ಕೆಂದು ತಿಳಿಯದೆ ಕತ್ತರಿಸಿ ಬಿಡುತ್ತಾರೆ. ಹಿಂದೆ ರಿವರ್ಸ್ ಲೈಟಿಗೂ ಮುಂದೆ ಸ್ಟೀರಿಯೊದ ರಿವರ್ಸ್ ತಂತಿಗೂ ಅದನ್ನು ಸೇರಿಸಿದರೆ ಪರದೆ ತಾನೇ ಕ್ಯಾಮೆರಾಕ್ಕೆ ತಿರುಗುತ್ತದೆ.

ತಂತಿ ಬೇಗ ಸಾಯುವ ಜಾಗ ಡಿಕ್ಕಿಯ ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆ. ಹೊಸ ತಂತಿಯನ್ನು ಆ ಕೊಳವೆಯ ಒಳಗಿನಿಂದಲೇ ದಾಟಿಸಬೇಕು, ಬಾಗಿಲು ಪೂರ್ತಿ ತೆರೆದಾಗ ಜಗ್ಗದಷ್ಟು ಸಡಿಲ ಬಿಡಬೇಕು. ನನ್ನ ಹಳೆಯ ತಂತಿಯನ್ನು ಹೊರಗಿನಿಂದ ಎಳೆದು ಬಾಗಿಲಿನ ಅಂಚಿಗೆ ಸಿಕ್ಕಿಸಿದ್ದರು. ಮೇಲಿನ ಹೊದಿಕೆ ನೆಟ್ಟಗಿತ್ತು, ಆದರೆ ಬೆರಳಿನ ನಡುವೆ ಬಗ್ಗಿಸಿದಾಗ ಒಂದು ಕಡೆ ಮೆತ್ತಗೆ ಮಡಚಿಕೊಂಡಿತು, ಅಲ್ಲಿ ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು.

ಕ್ಯಾಮೆರಾವನ್ನು ಅಂಟಿನ ಭರವಸೆಗೆ ಬಿಡದೆ, ನಂಬರ್ ಪ್ಲೇಟಿನ ದೀಪದ ಪಕ್ಕ ಸ್ಕ್ರೂ ಹಾಕಿ ಬಿಗಿಯಿರಿ. ಪರದೆಯ ಮೇಲೆ ದೂರ ತೋರಿಸುವ ಕೆಂಪು, ಹಳದಿ, ಹಸಿರು ಗೆರೆಗಳನ್ನು ಹಾಗೆಯೇ ನಂಬಬೇಡಿ. ನಮ್ಮ ಅಂಗಳಕ್ಕೆ ಎರಡು ಅಡಿ ಚೌಕದ ಶಹಾಬಾದಿ ಫರಸಿಕಲ್ಲು ಹಾಕಿದ್ದರಿಂದ ನನಗೆ ಅಳತೆ ಸುಲಭವಾಯಿತು: ಬಂಪರಿನಿಂದ ಒಂದು ಫರಸಿಯ ಸಂದಿಗೆ ಕೆಂಪು ಗೆರೆ ಬರುವಂತೆ ಕ್ಯಾಮೆರಾದ ಮುಖವನ್ನು ಬಗ್ಗಿಸಿ, ಆಮೇಲೆ ಸ್ಕ್ರೂ ಬಿಗಿದೆ. ಬಂಪರಿನ ಅಂಚು ಪರದೆಯ ಕೆಳಗೆ ಸ್ವಲ್ಪ ಕಾಣಲೇಬೇಕು, ಇಲ್ಲದಿದ್ದರೆ ಅದಕ್ಕೆ ಒರಗಿ ಕುಳಿತ ಮಗುವೂ ಕಾಣುವುದಿಲ್ಲ.

ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ಮಳಖೇಡದ ಕಡೆ ಓಡಾಡುವವರಾದರೆ ಲೆನ್ಸಿನ ಮೇಲಿನ ಸಿಮೆಂಟ್ ಧೂಳನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಗೆರೆ ಬೀಳುತ್ತದೆ. ನೀರು ಹಾಕಿ ತೊಳೆಯಿರಿ.

ಬೆಸುಗೆ ಹಾಕಿ ರೂಢಿ ಇಲ್ಲದಿದ್ದರೆ ಅಂಗಡಿಯಲ್ಲಿಯೇ ಮಾಡಿಸಿ, ಆದರೆ ಪ್ಲಾಸ್ಟಿಕ್ ಪ್ಯಾನೆಲ್ ಮುಚ್ಚುವ ಮೊದಲು ಜೋಡಣೆಗಳನ್ನು ತೋರಿಸಲು ಹೇಳಿ. ಆಮೇಲೆ ಕಾರಿನ ಹಿಂದೆ ಎಡಬದಿಗೆ ಒಬ್ಬರನ್ನು ನಿಲ್ಲಿಸಿ, ಅವರು ಪರದೆಯಲ್ಲೂ ಎಡಕ್ಕೇ ಕಾಣುತ್ತಾರೆಯೇ ಎಂದು ನೋಡಿ, ಡಿಕ್ಕಿಯನ್ನು ಹತ್ತು ಸಲ ತೆರೆದು ಮುಚ್ಚಿ, ಚಿತ್ರ ಒಮ್ಮೆಯೂ ಮಿನುಗದಿದ್ದರೆ ಮಾತ್ರ ದುಡ್ಡು ಕೊಡಿ.