ಕಲ್ಲು ಕರಗಿಸುವ ನೀರು

ಓದುಗರ ಪತ್ರ: "ರಾಮನಗರದ ಬೆಟ್ಟಗಳ ಮೇಲಿನ ಲೇಖನದಲ್ಲಿ, ಮ್ಯಾಗ್ಮಾ, ಅಂದರೆ ನೆಲದಾಳದ ಕರಗಿದ ಕಲ್ಲು, ಹುಟ್ಟುವುದಕ್ಕೆ ನೀರು ಕಾರಣ ಎಂದು ಬರೆದಿದ್ದೀರಿ. ನೀರು ಬೆಂಕಿ ಆರಿಸುತ್ತದೆ, ಕಲ್ಲು ಕರಗಿಸುವುದು ಹೇಗೆ? ಭೂಫಲಕಗಳು ಒಂದಕ್ಕೊಂದು ಉಜ್ಜಿದಾಗ ಬರುವ ಕಾವೇ ಸಾಕಲ್ಲವೇ?" – ಮಾಗಡಿ ಕಡೆಯ ಒಬ್ಬ ಮೇಷ್ಟ್ರು

ಮೇಷ್ಟ್ರೇ, ಇಂಥ ಪತ್ರ ಬಂದರೆ ನನಗೆ ಹಬ್ಬ. ಉಜ್ಜಿದರೆ ಕಾವು ಬರುತ್ತದೆ, ನಿಜ. ಆದರೆ ಎರಡು ಫಲಕ ಕೂಡುವಲ್ಲಿ ಇನ್ನೊಂದರ ಅಡಿಗೆ ಜಾರುವ ಫಲಕ ಕೋಟಿಗಟ್ಟಲೆ ವರ್ಷ ಸಮುದ್ರದ ತಳದಲ್ಲಿದ್ದು ತಣ್ಣಗಾದದ್ದು. ಇಳಿದ ಕಡೆಯೆಲ್ಲ ಅದು ಸುತ್ತಲಿನ ಕಾವನ್ನು ಹೀರುತ್ತದೆ. ಅಷ್ಟು ತಣ್ಣನೆಯ ವಸ್ತುವಿನ ನೆತ್ತಿಯ ಮೇಲೇ ಜಪಾನಿನ, ಇಂಡೋನೇಷ್ಯಾದ, ನಮ್ಮ ಅಂಡಮಾನಿನ ಬ್ಯಾರೆನ್ ದ್ವೀಪದ ಜ್ವಾಲಾಮುಖಿಗಳು ಯಾಕಿವೆ?

ಚಿಕ್ಕವನಿದ್ದಾಗ ಒಂದು ಮದುವೆಮನೆಯಲ್ಲಿ ಐಸ್ ಕ್ರೀಮ್ ತಿರುಗಿಸುವುದನ್ನು ನೋಡಿದ್ದೆ. ಮರದ ಪೀಪಾಯಿಯಲ್ಲಿ ಐಸ್ ತುಂಬಿ, ಮೇಲೆ ಬೊಗಸೆ ಬೊಗಸೆ ಕಲ್ಲುಪ್ಪು ಸುರಿದರು. ಒಲೆ ಇಲ್ಲ, ಬಿಸಿ ಇಲ್ಲ, ಐಸ್ ನೀರಾಗತೊಡಗಿತು. ಐಸಿಗೆ ಉಪ್ಪು ಹೇಗೋ, ಬಂಡೆಗೆ ನೀರು ಹಾಗೆ. ಫಲಕದ ಖನಿಜಗಳಲ್ಲಿ ಕೂತಿದ್ದ ನೀರು ಸುಮಾರು 100 ಕಿಲೋಮೀಟರ್ ಆಳ ಮುಟ್ಟುವ ಹೊತ್ತಿಗೆ ಒತ್ತಡ, ಕಾವು ತಾಳದೆ ಹೊರಬಿದ್ದು ಮೇಲಿನ ಬಿಸಿ ಮ್ಯಾಂಟಲಿಗೆ (ಭೂಮಿಯ ತೊಗಟೆಯ ಕೆಳಗಿನ ಕಲ್ಲಿನ ಪದರ) ನುಗ್ಗುತ್ತದೆ. ಅಲ್ಲಿ ಒಣ ಬಂಡೆ ಕರಗಲು 1400 ಡಿಗ್ರಿಗೂ ಜಾಸ್ತಿ ಬೇಕು. ನೀರು ಸೇರಿದರೆ 1000 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರು. ಗ್ರಾನೈಟ್ ಕೂಡ ನೀರಿದ್ದರೆ ಬೇಗ ಕರಗುತ್ತದೆ ಅಂತ ಟಟಲ್ ಮತ್ತು ಬೋವೆನ್ ಎಂಬ ವಿಜ್ಞಾನಿಗಳು 1958ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಇದಕ್ಕಿರುವ ಪುರಾವೆಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಮಾತ್ರ ಬೆರಿಲಿಯಂ-10, ಬೆರಿಲಿಯಂ ಎಂಬ ಲೋಹದ ವಿಕಿರಣಶೀಲ ರೂಪ. ಇದು ಆಕಾಶದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟಿ, ಮಳೆಯ ಜೊತೆ ಇಳಿದು, ಸಮುದ್ರದ ಕೆಸರು ಸೇರುತ್ತದೆ. ಸುಮಾರು 14 ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಹಾಗಾಗಿ ಭೂಮಿಯ ಆಳದಲ್ಲಿ ಅದು ಉಳಿದಿರಲು ಸಾಧ್ಯವೇ ಇಲ್ಲ. ಆದರೂ 1980ರ ದಶಕದಲ್ಲಿ ಅಲ್ಯೂಷಿಯನ್ ದ್ವೀಪಗಳ, ಮಧ್ಯ ಅಮೆರಿಕದ ಲಾವಾದಲ್ಲಿ ಸಿಕ್ಕಿತು! ಮಳೆಯಲ್ಲಿ ಬಿದ್ದದ್ದು ಕೆಸರಿನ ಜೊತೆ ಕೆಳಗಿಳಿದು ಬೆಟ್ಟದ ಬಾಯಿಂದ ವಾಪಸ್ ಬಂದಿದೆ.

ರಾಮನಗರಕ್ಕೆ ಬರೋಣ. ಕ್ಲೋಸ್‌ಪೇಟೆ ಎಂಬ ಅದರ ಹಳೆಯ ಹೆಸರಲ್ಲೇ ಕರೆಯುವ ಆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಉತ್ತರ-ದಕ್ಷಿಣವಾಗಿ 400 ಕಿಲೋಮೀಟರಿನಷ್ಟು ಉದ್ದದ ಪಟ್ಟಿ. ಆಳದಿಂದ ಎದ್ದ ಬಿಸಿ ಕಲ್ಲಿನ ಕಂಬವೇ ಅದಕ್ಕೆ ಮೂಲ ಅನ್ನುವವರೂ ಇದ್ದಾರೆ, ಅವರಿಗೂ ಆಧಾರಗಳಿವೆ. ಆದರೆ ಅದರ ಒಂದಷ್ಟು ಭಾಗದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಎರಡೂ ಚೆನ್ನಾಗಿವೆ. ಮೆಗ್ನೀಸಿಯಂ ಮ್ಯಾಂಟಲಿನ ಗುರುತು, ಪೊಟ್ಯಾಸಿಯಂ ಮೇಲಿನಿಂದ ಇಳಿದು ಬೆರೆತದ್ದರ ಗುರುತು. ಆಗ ಭೂಮಿ ಇನ್ನೂ ಬಿಸಿ, ಇಳಿದ ಫಲಕವೇ ಅಷ್ಟಿಷ್ಟು ಕರಗಿರಬಹುದು. ಅದಕ್ಕೂ ನೀರು ಬೇಕಿತ್ತಲ್ವಾ? ಈ ಎರಡೂ ಗುರುತಿರುವ ಇಂಥ ಕಲ್ಲುಗಳಿಗೆ ಸನುಕಿಟಾಯ್ಡ್ ಅನ್ನುತ್ತಾರೆ. ಜಪಾನಿನ ಸನುಕಿ ಪ್ರಾಂತದ, ಬಡಿದರೆ ಗಂಟೆಯಂತೆ ದನಿ ಕೊಡುವ ಕಲ್ಲಿನಿಂದ ಬಂದ ಹೆಸರು.

ಮೇಷ್ಟ್ರೇ, ಒಂದು ಮಾತಿಗೆ ಬೇಜಾರಾಗಬೇಡಿ. ಪಾಠದ ಚಿತ್ರದಲ್ಲಿ ಭೂಮಿಯ ಒಳಗೆಲ್ಲ ಕೆಂಪು ಬಳಿದಿರುತ್ತಾರೆ, ನಾವೂ ಒಳಗೆ ಬೆಂಕಿಯ ಕಡಲಿದೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲು! ನಿಮ್ಮ ಕಡೆಯದೇ ಒಂದು ಶಾಲೆಗೆ ಹೋಗಿದ್ದೆ. "ಗ್ರಾನೈಟ್ ಅಗ್ನಿಶಿಲೆ" ಅಂತ ಇಡೀ ತರಗತಿ ಒಪ್ಪಿಸಿತು. ಕಾಂಪೌಂಡಿನ ಆಚೆಯ ಬಂಡೆ ಯಾವುದು ಅಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ದಿನಾ ಅದರ ಮೇಲೇ ಕೂತು ಊಟ ಮಾಡುವ ಮಕ್ಕಳು! ಹೊರಗೆ ಕರೆದುಕೊಂಡು ಹೋಗಿ ಬಂಡೆಗೆ ಒಂದು ಚೊಂಬು ನೀರು ಹಾಕಿಸಿದೆ. ಗುಲಾಬಿ ಹರಳುಗಳು ಎದ್ದು ಕಂಡವು. ಒಬ್ಬ ಹುಡುಗಿ ಸ್ಕೇಲ್ ಇಟ್ಟು ಅಳೆದು, "ನಾಲ್ಕು ಸೆಂಟಿಮೀಟರ್ ಸಾರ್" ಅಂದಳು. ನಡುನಡುವೆ ಮಿಂಚುವ ಕರಿ ಚೂರುಗಳನ್ನು ತೋರಿಸಿ, ಇದು ಬಯೊಟೈಟ್, ಅಂದರೆ ಕರಿ ಅಭ್ರಕ, ಆ ಹಳೆಯ ಮ್ಯಾಗ್ಮಾದ ನೀರಿನ ಅಂಶ ಇದರೊಳಗೆ ಕೂತಿದೆ ಅಂದೆ. ಅವಳು ಒಂದು ಚೂರನ್ನು ಉಗುರಿನಿಂದ ಎಬ್ಬಿಸಿ, ಅಂಗೈಯಲ್ಲಿಟ್ಟುಕೊಂಡು, ಬಿಸಿಲಿಗೆ ಹಿಡಿದು ನೋಡಿದಳು.

– ಸಂಪಾದಕ